ಮದರಸದ ಪಾಠ ಮತ್ತು ಅರಬ್ಬೀ ಭಾಷೆ

ಉತ್ತರ ಪ್ರದೇಶದ ಮದರಸ ಶಿಕ್ಷಣ ಕಾನೂನನ್ನು ಕುರಿತು 2024ನೆಯ ಇಸವಿಯಲ್ಲಿ ಎರಡು ನ್ಯಾಯಸ್ಥಾನಗಳಿಂದ ಎರಡು ತೀರ್ಪುಗಳು ಹೊರಬಿದ್ದವು. 2004ರ ಆ ಕಾನೂನು ರಾಜ್ಯಾಂಗದ ಮತನಿರಪೇಕ್ಷ ತತ್ತ್ವಕ್ಕೆ ವಿರುದ್ಧವಾದುದೆಂದು ಅಲಹಾಬಾದಿನ ಉಚ್ಚ ನ್ಯಾಯಾಲಯವು ಮಾರ್ಚ್ 22ರಂದು ಅದನ್ನು ರದ್ದುಪಡಿಸಿತು. ಸರ್ವೋಚ್ಚ ನ್ಯಾಯಾಲಯವು ನವೆಂಬರ್ 5ರಂದು ಆ ತೀರ್ಪನ್ನು ತಳ್ಳಿಹಾಕಿ ಕಾನೂನನ್ನು ಎತ್ತಿಹಿಡಿಯಿತು. 'ಕಾಮಿಲ್', 'ಫಾಜಿಲ್' ಎಂಬ ಉನ್ನತ ಪದವಿಗಳನ್ನು ಕೊಡುವ ಭಾಗ ಮಾತ್ರ 1956ರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಕಾನೂನಿಗೆ ವಿರೋಧವಾಗಿದೆಯೆಂದು ಅದನ್ನು ತೆಗೆದುಹಾಕಿತು. ಆ ರಾಜ್ಯದ ಸುಮಾರು 13,000 ಮದರಸಗಳಲ್ಲಿ ಕಲಿಯುತ್ತಿರುವ 12 ಲಕ್ಷಕ್ಕೂ ಮೇಲ್ಪಟ್ಟ ವಿದ್ಯಾರ್ಥಿಗಳ ಭವಿಷ್ಯ ಈ ತೀರ್ಪುಗಳ ನಡುವೆ ತೂಗಾಡಿತು.

ಇಂಥ ಸಂದರ್ಭಗಳಲ್ಲಿ ನಮ್ಮ ಪತ್ರಿಕೆಗಳಲ್ಲಿ ನಡೆಯುವ ಚರ್ಚೆ ಒಂದು ಗೊತ್ತಾದ ಜಾಡಿನಲ್ಲಿಯೇ ಸಾಗುತ್ತದೆ. ಮದರಸದಲ್ಲಿ ಗಣಿತವಿಲ್ಲ, ವಿಜ್ಞಾನವಿಲ್ಲ, ಇಂಗ್ಲಿಷ್ ಇಲ್ಲವೆಂದು ಒಂದು ಪಕ್ಷದವರು ಆಕ್ಷೇಪಿಸುತ್ತಾರೆ. ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ನಡೆಸಿಕೊಳ್ಳುವ ಹಕ್ಕನ್ನು ರಾಜ್ಯಾಂಗದ 30ನೆಯ ವಿಧಿ ಕೊಟ್ಟಿದೆಯೆಂದು ಇನ್ನೊಂದು ಪಕ್ಷದವರು ಉತ್ತರಿಸುತ್ತಾರೆ. ಎರಡು ಮಾತಿನಲ್ಲಿಯೂ ಹುರುಳಿದೆ. ಆದರೆ ಮದರಸದಲ್ಲಿ ಏನಿಲ್ಲವೆಂಬುದನ್ನು ಕುರಿತು ಇಷ್ಟು ಮಾತನಾಡುವ ನಾವು, ಅಲ್ಲಿ ಏನಿದೆಯೋ ಅದನ್ನು ಹೇಗೆ ಕಲಿಸುತ್ತಾರೆ ಎಂಬುದನ್ನು ಕೇಳುವುದೇ ಇಲ್ಲ. ಅಲ್ಲಿರುವ ಸಕಲ ವಿದ್ಯೆಗಳಿಗೂ ಬಾಗಿಲಾಗಿರುವುದು ಅರಬ್ಬೀ ಭಾಷೆ. ಎಂಟು ಹತ್ತು ವರ್ಷ ಆ ಬಾಗಿಲ ಮುಂದೆ ಕುಳಿತ ಹುಡುಗನಿಗೆ ಅದು ತೆರೆಯುತ್ತದೆಯೇ? ನನಗೆ ಮುಖ್ಯವೆಂದು ತೋರುವುದು ಈ ಪ್ರಶ್ನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಮುಸಲ್ಮಾನರ ಮಕ್ಕಳೆಲ್ಲ ಮದರಸಗಳಲ್ಲಿಯೇ ಓದುತ್ತಾರೆಂಬ ಭಾವನೆ ಬಹಳ ಮಂದಿಯಲ್ಲಿದೆ. 2006ರಲ್ಲಿ ಬಂದ ಸಾಚಾರ್ ಸಮಿತಿಯ ವರದಿಯ ಪ್ರಕಾರ, ಶಾಲೆಗೆ ಹೋಗುವ ವಯಸ್ಸಿನ ಮುಸಲ್ಮಾನ ಮಕ್ಕಳಲ್ಲಿ ಪೂರ್ಣಕಾಲ ಮದರಸವನ್ನೇ ನಂಬಿದವರು ನೂರಕ್ಕೆ 3 ಅಥವಾ 4 ಮಂದಿ ಮಾತ್ರ. ಮಿಕ್ಕವರಲ್ಲಿ ಅನೇಕರು ಹೋಗುವುದು ಮಕ್ತಬಿಗೆ. ಎಂದರೆ ಬೆಳಗ್ಗೆಯೋ ಸಂಜೆಯೋ ಒಂದೆರಡು ಗಂಟೆ ಕುರಾನ್ ಪಠನವನ್ನು ಕಲಿತು, ಉಳಿದ ಹೊತ್ತು ಎಲ್ಲರಂತೆ ಶಾಲೆಗೆ ಹೋಗುವ ಏರ್ಪಾಡು. ಹೀಗೆ ನಮ್ಮ ದೇಶದಲ್ಲಿ ಅರಬ್ಬೀ ಕಲಿಕೆಯ ಪ್ರಶ್ನೆಗೆ ಎರಡು ಮುಖಗಳಿವೆ. ಮಕ್ತಬಿನ ಮಗು ಅಕ್ಷರಗಳನ್ನು ಉಚ್ಚರಿಸಲು ಕಲಿಯುತ್ತದೆ. ಮದರಸದ ವಿದ್ಯಾರ್ಥಿ ವ್ಯಾಕರಣವನ್ನು ಕಲಿಯುತ್ತಾನೆ. ಉಚ್ಚಾರಣೆಗೂ ವ್ಯಾಕರಣಕ್ಕೂ ನಡುವೆ ಇರಬೇಕಾದ ಭಾಷೆ ಮಾತ್ರ ಎರಡು ಕಡೆಗಳಲ್ಲಿಯೂ ಎಷ್ಟೋ ವೇಳೆ ಜಾರಿಹೋಗುತ್ತದೆ.

ಇದು ಹೇಗಾಗುತ್ತದೆಂಬುದನ್ನು ತಿಳಿಯಲು ಅರಬ್ಬೀ ಬರವಣಿಗೆಯ ಗುಣವನ್ನು ಸ್ವಲ್ಪ ವಿಚಾರಿಸಬೇಕು. ಆ ಲಿಪಿಯಲ್ಲಿ ವ್ಯಂಜನಗಳಿಗೂ ದೀರ್ಘಸ್ವರಗಳಿಗೂ ಅಕ್ಷರಗಳುಂಟು. ಹ್ರಸ್ವಸ್ವರಗಳನ್ನು ಅಕ್ಷರದ ಮೇಲೆ ಕೆಳಗೆ ಚಿಹ್ನೆಗಳಿಂದ ಸೂಚಿಸುತ್ತಾರೆ. ಕುರಾನಿನಲ್ಲಿ ಈ ಚಿಹ್ನೆಗಳನ್ನು ಒಂದೂ ಬಿಡದೆ ಹಾಕಿರುತ್ತಾರೆ. ಸಾಮಾನ್ಯ ಗ್ರಂಥಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಅವು ಇರುವುದಿಲ್ಲ. ಕ, ತ, ಬ ಎಂಬ ಮೂರು ಅಕ್ಷರಗಳನ್ನು ಬರೆದರೆ ಅದು 'ಕತಬ' ಆಗಬಹುದು, ಬರೆದನು ಎಂದರ್ಥ. 'ಕುತಿಬ' ಆಗಬಹುದು, ಬರೆಯಲ್ಪಟ್ಟಿತು ಎಂದರ್ಥ. 'ಕುತುಬ್' ಆಗಬಹುದು, ಪುಸ್ತಕಗಳು ಎಂದರ್ಥ. ಯಾವುದೆಂಬುದನ್ನು ವಾಕ್ಯದ ಸಂದರ್ಭ ನೋಡಿ ಓದುವವನೇ ನಿರ್ಣಯಿಸಬೇಕು. ಕನ್ನಡದಲ್ಲಿ ಗುಣಿತಾಕ್ಷರಗಳ ಚಿಹ್ನೆಗಳನ್ನೆಲ್ಲ ಅಳಿಸಿ 'ಕಲ' ಎಂದಷ್ಟೇ ಬರೆದು, ಅದು ಕಾಲೋ, ಕೋಲೋ, ಕೂಲಿಯೋ, ಕಲಿಯೋ ನೀವೇ ತಿಳಿದುಕೊಳ್ಳಿರಿ ಎಂದರೆ ನಮ್ಮ ಪಾಡು ಏನಾದೀತೆಂದು ಊಹಿಸಬಹುದು. ಭಾಷೆಯನ್ನು ಬಲ್ಲವನಿಗೆ ಇದು ಕಷ್ಟವಲ್ಲ. ಬರಿಯ ಅಕ್ಷರವನ್ನು ಬಲ್ಲವನಿಗೆ ಇದು ದಾಟಲಾರದ ಹೊಳೆ.

ಆದ್ದರಿಂದಲೇ, ಕುರಾನನ್ನು ಆರಂಭದಿಂದ ಕೊನೆಯವರೆಗೆ ನಿರರ್ಗಳವಾಗಿ ಓದಬಲ್ಲ ಮಗು ಒಂದು ಅರಬ್ಬೀ ವೃತ್ತಪತ್ರಿಕೆಯ ಒಂದು ಸಾಲನ್ನು ಓದಲಾರದೆ ನಿಲ್ಲುವುದು ಆಶ್ಚರ್ಯವಲ್ಲ. ಆ ಮಗುವಿನ ಬುದ್ಧಿಯಲ್ಲಿ ದೋಷವಿಲ್ಲ. ಚಿಹ್ನೆಗಳ ಆಸರೆಯಿಂದ ಧ್ವನಿಯನ್ನು ಹೊರಡಿಸುವುದನ್ನು ಕಲಿಸಿದ್ದಾರೆ. ಅರ್ಥದಿಂದ ಧ್ವನಿಯನ್ನು ಊಹಿಸುವುದನ್ನು ಕಲಿಸಿಲ್ಲ. ಪಠನಕ್ಕೆ ತನ್ನದೇ ಆದ ಪಾವಿತ್ರ್ಯವೂ ಶಾಸ್ತ್ರವೂ ಉಂಟು. ಉಚ್ಚಾರಣೆಯ ಶುದ್ಧಿಗಾಗಿ ಬೆಳೆದ 'ತಜ್ವೀದ್' ಎಂಬ ಶಾಸ್ತ್ರ, ನಮ್ಮ ವೇದಪಾಠಿಗಳ ಶಿಕ್ಷಾಶಾಸ್ತ್ರದಂತೆ, ಮನುಷ್ಯನ ಕಿವಿಯೂ ನಾಲಗೆಯೂ ಎಷ್ಟು ಸೂಕ್ಷ್ಮವಾಗಬಲ್ಲವೆಂಬುದಕ್ಕೆ ಸಾಕ್ಷಿಯಾಗಿದೆ. ಅದನ್ನು ಹಗುರವಾಗಿ ಕಾಣುವುದು ಅವಿವೇಕ. ಹಾಗಿದ್ದರೂ ಪಠನ ಬೇರೆ, ಗ್ರಹಣ ಬೇರೆ. ಅರ್ಥವರಿಯದೆ ವೇದವನ್ನು ಕಲಿತವನನ್ನು ಭಾರ ಹೊತ್ತ ಕಂಬಕ್ಕೆ ಹೋಲಿಸಿದ ಮಾತು ಯಾಸ್ಕನ ನಿರುಕ್ತದಲ್ಲಿದೆ. ಗ್ರಂಥವನ್ನು ಪಡೆದೂ ಅದಕ್ಕೆ ತಕ್ಕಂತೆ ನಡೆಯದವರನ್ನು ಪುಸ್ತಕ ಹೊತ್ತ ಕತ್ತೆಗೆ ಹೋಲಿಸಿದ ಮಾತು ಕುರಾನಿನಲ್ಲಿಯೇ ಇದೆ. ಎರಡು ಪರಂಪರೆಗಳೂ ಈ ಅಪಾಯವನ್ನು ತಾವಾಗಿಯೇ ಕಂಡುಕೊಂಡಿದ್ದುವು.

ಇನ್ನು ಮದರಸದ ವ್ಯಾಕರಣದ ವಿಚಾರ. ಉತ್ತರ ಹಿಂದೂಸ್ಥಾನದಲ್ಲಿಯೂ ಅದನ್ನು ಅನುಸರಿಸಿ ದಕ್ಷಿಣದ ಅನೇಕ ಕಡೆಗಳಲ್ಲಿಯೂ ನಡೆದುಬಂದಿರುವ ಪಠ್ಯಕ್ರಮಕ್ಕೆ 'ದರ್ಸೆ ನಿಜಾಮಿ' ಎಂದು ಹೆಸರು. ಲಖನೌದ ಫರಂಗೀ ಮಹಲಿನ ವಿದ್ವಾಂಸರಾದ ಮುಲ್ಲಾ ನಿಜಾಮುದ್ದೀನರು ಇದನ್ನು ರೂಪಿಸಿದರು. ಅವರು ತೀರಿಕೊಂಡದ್ದು 1748ರಲ್ಲಿ. ತರ್ಕ, ವ್ಯಾಕರಣ, ಧರ್ಮಶಾಸ್ತ್ರಗಳಲ್ಲಿ ಬುದ್ಧಿಯನ್ನು ಮಸೆದು, ಅಂದಿನ ರಾಜ್ಯಾಡಳಿತಕ್ಕೂ ನ್ಯಾಯಸ್ಥಾನಗಳಿಗೂ ಬೇಕಾದ ಸಮರ್ಥರನ್ನು ತಯಾರುಮಾಡುವುದಕ್ಕೆ ಅದು ಒಳ್ಳೆಯ ಸಾಧನವಾಗಿತ್ತು. ಆಗ ಪಾರಸಿಯು ವಿದ್ಯಾವಂತರ ವ್ಯವಹಾರಭಾಷೆ. ಆದುದರಿಂದ ಅರಬ್ಬೀ ವ್ಯಾಕರಣದ ಮೊದಲ ಪುಸ್ತಕಗಳಾದ 'ಮೀಜಾನ್', 'ಸರ್ಫೆ ಮೀರ್', 'ನಹ್ವೆ ಮೀರ್' ಮುಂತಾದವು ಪಾರಸಿಯಲ್ಲಿದ್ದವು. ಪಾರಸಿಯ ಕಾಲ ಮುಗಿದ ಮೇಲೆಯೂ ಅವು ಪಾಠಪಟ್ಟಿಯಿಂದ ಇಳಿಯಲಿಲ್ಲ. ಗೊತ್ತಿಲ್ಲದ ಭಾಷೆಯೊಂದನ್ನು ಗೊತ್ತಿಲ್ಲದ ಇನ್ನೊಂದು ಭಾಷೆಯ ಮೂಲಕ ಕಲಿಯುವ ವಿಚಿತ್ರ ಪರಿಸ್ಥಿತಿ ಹೀಗೆ ಒದಗಿತು. ಮುಂದೆ 'ಕಾಫಿಯಾ' ಎಂಬ ಹದಿಮೂರನೆಯ ಶತಮಾನದ ವ್ಯಾಕರಣಸೂತ್ರಗಳು, ಅದರ ಮೇಲೆ ಹದಿನೈದನೆಯ ಶತಮಾನದ ಜಾಮಿಯ ವ್ಯಾಖ್ಯಾನ. ನಮ್ಮ ಪಾಠಶಾಲೆಗಳ ಹುಡುಗರು 'ರಾಮಃ ರಾಮೌ ರಾಮಾಃ' ಎಂದು ರಾಗವಾಗಿ ಒಪ್ಪಿಸಿದಂತೆ, ಮದರಸದ ಹುಡುಗ ಒಂದೊಂದು ಕ್ರಿಯಾಪದದ ಹದಿನಾಲ್ಕು ರೂಪಗಳನ್ನು ಒಪ್ಪಿಸುತ್ತಾನೆ. ಕೊನೆಗೆ, ಒಂದು ಪದ ಯಾವ ವಿಭಕ್ತಿಯಲ್ಲಿದೆ, ಏಕೆ ಇದೆ ಎಂಬುದನ್ನು ಕುರಿತು ಅರ್ಧ ಗಂಟೆ ವಾದಿಸಬಲ್ಲ ವಿದ್ಯಾರ್ಥಿ, ಮನೆಗೆ ಅರಬ್ಬಿಯಲ್ಲಿ ಒಂದು ಕಾಗದ ಬರೆಯಬೇಕಾದರೆ ಲೇಖನಿಯನ್ನು ಕೆಳಗಿಡುತ್ತಾನೆ.

ಈ ರೋಗವನ್ನು ಪಾಶ್ಚಾತ್ಯ ವಿದ್ವಾಂಸರು ಬಂದು ತೋರಿಸಿಕೊಡಬೇಕಾಗಿರಲಿಲ್ಲ. ಟ್ಯೂನಿಸ್ಸಿನಲ್ಲಿ ಹುಟ್ಟಿದ ಮಹಾ ಇತಿಹಾಸಕಾರ ಇಬ್ನ್ ಖಲ್ದೂನ್ (1332-1406) ತನ್ನ 'ಮುಕದ್ದಿಮಾ' ಗ್ರಂಥದಲ್ಲಿ ಇದನ್ನು ಆರುನೂರು ವರ್ಷಗಳ ಹಿಂದೆಯೇ ಬಿಡಿಸಿ ಹೇಳಿದ್ದಾನೆ. ಭಾಷೆಯೆಂಬುದು ಒಂದು ಅಭ್ಯಾಸಸಿದ್ಧಿ. ಅದಕ್ಕೆ ಅವನು 'ಮಲಕಾ' ಎನ್ನುತ್ತಾನೆ. ಕೇಳಿ ಕೇಳಿ, ಆಡಿ ಆಡಿ, ಒಳ್ಳೆಯ ಗದ್ಯಪದ್ಯಗಳನ್ನು ಮನಸ್ಸಿನಲ್ಲಿ ತುಂಬಿಕೊಂಡು ಪಡೆಯತಕ್ಕದ್ದು ಅದು. ವ್ಯಾಕರಣವಾದರೋ ಆ ಸಿದ್ಧಿಯನ್ನು ಕುರಿತ ಶಾಸ್ತ್ರ. ಹೊಲಿಗೆಯ ಕ್ರಮವನ್ನೆಲ್ಲ ಬಾಯಲ್ಲಿ ವಿವರಿಸಬಲ್ಲವನು ಸೂಜಿ ಹಿಡಿದು ಹೊಲಿಯಲಾರದೆ ಹೋಗಬಹುದೆಂದು ಅವನು ದೃಷ್ಟಾಂತ ಕೊಡುತ್ತಾನೆ. ವ್ಯಾಕರಣದಲ್ಲಿ ನಿಷ್ಣಾತರಾದರೂ ಎರಡು ಸಾಲು ಶುದ್ಧವಾಗಿ ಬರೆಯಲಾರದವರನ್ನು ಅವನು ತನ್ನ ಕಾಲದಲ್ಲಿಯೇ ಕಂಡಿದ್ದ.

ಅದೇ ಗ್ರಂಥದಲ್ಲಿ ಅವನು ಬೇರೆಬೇರೆ ನಾಡುಗಳ ಬಾಲಶಿಕ್ಷಣವನ್ನು ಹೋಲಿಸಿ ನೋಡಿರುವ ರೀತಿ ಇಂದಿನ ಯಾವ ಸಂಶೋಧಕನೂ ಮೆಚ್ಚತಕ್ಕಂಥದು. ಮಗರಿಬಿನಲ್ಲಿ ಮಕ್ಕಳಿಗೆ ಕುರಾನನ್ನು ಮಾತ್ರ ಕಲಿಸುತ್ತಿದ್ದರು. ಅದರಿಂದ ಅವರಿಗೆ ಭಾಷಾಸಿದ್ಧಿ ದೊರೆಯಲಿಲ್ಲ. ಆಂದಲೂಸಿನಲ್ಲಿ, ಎಂದರೆ ಅಂದಿನ ಮುಸ್ಲಿಂ ಸ್ಪೇನಿನಲ್ಲಿ, ಕುರಾನಿನ ಜೊತೆಗೆ ಕಾವ್ಯವನ್ನೂ ಪತ್ರಲೇಖನವನ್ನೂ ಕಲಿಸುತ್ತಿದ್ದರು. ಅವರು ಭಾಷೆಯಲ್ಲಿ ಮುಂದಾದರು. ಮೊದಲು ಭಾಷೆ ಮತ್ತು ಕಾವ್ಯ, ಬಳಿಕ ಗಣಿತ, ಆಮೇಲೆ ಕುರಾನು ಎಂಬ ಕ್ರಮವನ್ನು ಹನ್ನೆರಡನೆಯ ಶತಮಾನದ ಧರ್ಮಪಂಡಿತ ಅಬೂಬಕರ್ ಇಬ್ನುಲ್ ಅರಬಿ ಸೂಚಿಸಿದ್ದನ್ನು ಉದಾಹರಿಸಿ, ಅದು ಒಳ್ಳೆಯ ಮಾರ್ಗವೆಂದು ಇಬ್ನ್ ಖಲ್ದೂನ್ ಒಪ್ಪುತ್ತಾನೆ. ಆದರೆ ರೂಢಿ ಅದಕ್ಕೆ ಎಡೆಗೊಡುವುದಿಲ್ಲ. ಹುಡುಗ ದೊಡ್ಡವನಾದ ಮೇಲೆ ಓದು ಬಿಟ್ಟರೆ ಪವಿತ್ರಗ್ರಂಥದ ಸಂಪರ್ಕವೇ ತಪ್ಪೀತೆಂಬ ಭಯ ತಂದೆತಾಯಿಗಳಿಗಿದೆ ಎಂದೂ ಸೇರಿಸುತ್ತಾನೆ. ಸುಧಾರಣೆಯನ್ನು ಬೋಧಿಸುವವರು ಗಮನಿಸಬೇಕಾದ ಮಾತು ಇದು. ತಂದೆತಾಯಿಗಳ ಆ ಭಯ ಇಂದಿಗೂ ಜೀವಂತವಾಗಿದೆ. ಅದು ನ್ಯಾಯವಾದುದೂ ಹೌದು. ಅದನ್ನು ಅಲ್ಲಗಳೆದು ಯಾರೂ ಮದರಸವನ್ನು ತಿದ್ದಲಾರರು.

ನಮ್ಮ ದೇಶದಲ್ಲಿಯೂ ತಿದ್ದುವ ಪ್ರಯತ್ನಗಳು ನಡೆಯದೆ ಇಲ್ಲ. 1866ರಲ್ಲಿ ಸ್ಥಾಪಿತವಾದ ದೇವಬಂದ್ ವಿದ್ಯಾಪೀಠವು ಹಳೆಯ ಪಠ್ಯಕ್ರಮವನ್ನೇ ಉಳಿಸಿಕೊಂಡು ಹದೀಸಿಗೆ ಹೆಚ್ಚಿನ ಸ್ಥಾನವನ್ನು ಕೊಟ್ಟಿತು. 1898ರಲ್ಲಿ ಲಖನೌದಲ್ಲಿ ಆರಂಭವಾದ ನದ್ವತುಲ್ ಉಲಮಾದ ವಿದ್ಯಾಲಯವು, ಶಿಬ್ಲೀ ನುಅಮಾನಿಯಂಥವರ ಪ್ರೇರಣೆಯಿಂದ, ಅರಬ್ಬಿಯನ್ನು ಜೀವಂತ ಭಾಷೆಯಾಗಿ ಕಲಿಸಬೇಕೆಂಬ ಗುರಿಯನ್ನಿಟ್ಟುಕೊಂಡಿತು. ಮೊರಾಕೊ ದೇಶದ ತಕಿಯುದ್ದೀನ್ ಹಿಲಾಲಿ 1930ರ ದಶಕದ ಆರಂಭದಲ್ಲಿ ಅಲ್ಲಿ ಅಧ್ಯಾಪಕರಾಗಿ, ತರಗತಿಯಲ್ಲಿ ಅರಬ್ಬಿಯನ್ನೇ ಆಡಿದರು. ಆ ವಾತಾವರಣದಲ್ಲಿ ಬೆಳೆದ ಅಬುಲ್ ಹಸನ್ ಅಲೀ ನದ್ವಿ ಮಕ್ಕಳಿಗಾಗಿ ಪ್ರವಾದಿಗಳ ಕಥೆಗಳನ್ನು ಸುಲಭವಾದ ಅರಬ್ಬಿಯಲ್ಲಿ ಬರೆದರು. 1950ರಲ್ಲಿ ಕೈರೋದಲ್ಲಿ ಪ್ರಕಟವಾದ ಅವರ ಗ್ರಂಥವನ್ನು ಅರಬ್ಬರೇ ಆಸಕ್ತಿಯಿಂದ ಓದಿದರು. ಭಾರತದಲ್ಲಿ ಕಲಿತವನಿಗೆ ಅರಬ್ಬಿಯಲ್ಲಿ ಸ್ವತಂತ್ರ ಲೇಖನಶಕ್ತಿ ಬರಲಾರದೆಂಬ ನಿರಾಶೆಗೆ ಇದೊಂದೇ ನಿದರ್ಶನ ಸಾಕಾದ ಉತ್ತರ. ನಮ್ಮ ನೆರೆಯ ವಾಣಿಯಂಬಾಡಿಯಲ್ಲಿ 1933ರಲ್ಲಿ ಹುಟ್ಟಿದ ವಿ. ಅಬ್ದುರ್ರಹೀಮ್ ಅವರು ಮದೀನಾದ ವಿಶ್ವವಿದ್ಯಾನಿಲಯದಲ್ಲಿ ಪರದೇಶದ ವಿದ್ಯಾರ್ಥಿಗಳಿಗಾಗಿ ರಚಿಸಿದ ಪಾಠಪುಸ್ತಕಗಳು ಇಂದು ಲೋಕದ ನಾನಾ ಕಡೆಗಳಲ್ಲಿ ಬಳಕೆಯಲ್ಲಿವೆ. ಕಣ್ಣೆದುರಿನ ವಸ್ತುವನ್ನು ತೋರಿಸಿ ಹೆಸರಿಸುವುದರಿಂದ ಪ್ರಾರಂಭಿಸಿ, ನಿಯಮವನ್ನು ಹೇಳುವ ಮುನ್ನ ಅದನ್ನು ಹತ್ತಾರು ವಾಕ್ಯಗಳಲ್ಲಿ ಬಳಸಿ ತೋರಿಸುವುದು ಅವುಗಳ ಕ್ರಮ. 2023ರಲ್ಲಿ ತೀರಿಕೊಂಡ ಈ ತಮಿಳುನಾಡಿನ ವಿದ್ವಾಂಸರ ಹೆಸರು ನಮ್ಮ ಶಿಕ್ಷಣವೇತ್ತರ ಬಾಯಲ್ಲಿ ಬರುವುದು ಅಪೂರ್ವ.

ಅರಬ್ಬರ ನಾಡಿನಲ್ಲಿ ಈ ತೊಡಕು ಇಲ್ಲವೆಂದು ಭಾವಿಸಬಾರದು. ಈಜಿಪ್ಟಿನ ತಾಹಾ ಹುಸೇನ್ ತಮ್ಮ ಬಾಲ್ಯದ ಕುರಾನ್ ಶಾಲೆಯನ್ನೂ ಅಜ್‌ಹರಿನ ಪಾಠಗಳನ್ನೂ ಆತ್ಮಕಥೆಯಲ್ಲಿ ಚಿತ್ರಿಸಿದ್ದಾರೆ. 1938ರಲ್ಲಿ ಬರೆದ ಗ್ರಂಥವೊಂದರಲ್ಲಿ ಭಾಷಾಬೋಧನೆಯ ಸುಧಾರಣೆಗಾಗಿ ವಾದಿಸಿದ್ದಾರೆ. ಅಲ್ಲಿನ ಮಗು ಮನೆಯಲ್ಲಿ ಆಡುವ ಅರಬ್ಬಿ ಒಂದು, ಶಾಲೆಯಲ್ಲಿ ಓದುವ ಅರಬ್ಬಿ ಮತ್ತೊಂದು. ಹೀಗೆ ಒಂದೇ ಸಮಾಜದಲ್ಲಿ ಒಂದು ಭಾಷೆಯ ಎರಡು ರೂಪಗಳು ಬೇರೆಬೇರೆ ಕೆಲಸಗಳನ್ನು ಹಂಚಿಕೊಂಡಿರುವ ಸ್ಥಿತಿಯನ್ನು ಅಮೆರಿಕದ ಚಾರ್ಲ್ಸ್ ಫರ್ಗ್ಯುಸನ್ 1959ರಲ್ಲಿ ಒಂದು ಪ್ರಸಿದ್ಧ ಲೇಖನದಲ್ಲಿ ವಿವೇಚಿಸಿದಾಗ, ಅವನ ನಾಲ್ಕು ಉದಾಹರಣೆಗಳಲ್ಲಿ ಅರಬ್ಬಿ ಒಂದಾಗಿತ್ತು. ಆಮೇಲೆ ಸಂಶೋಧನೆ ಬಹಳ ಮುಂದುವರಿದಿದೆ. ಮನೆಮಾತಿಗೂ ಗ್ರಂಥಭಾಷೆಗೂ ಇರುವ ದೂರ ಮಗುವಿನ ಓದನ್ನು ಹೇಗೆ ತಡೆಯುತ್ತದೆಂಬುದನ್ನು ಎಲಿನೋರ್ ಸಾಯಿಗ್ ಹದ್ದಾದ್ ಪರಿಶೀಲಿಸಿದ್ದಾರೆ. ಸ್ವರಚಿಹ್ನೆಗಳು ಓದುವವರಿಗೆ, ನುರಿತವರಿಗೂ ಸಹ, ನೆರವಾಗುತ್ತವೆಂದು ಸಲೀಮ್ ಅಬೂ ರಬೀಅ 1990ರ ದಶಕದಿಂದ ತೋರಿಸಿದ್ದಾರೆ. ಚಿಹ್ನೆಗಳ ದಟ್ಟಣೆಯೇ ಕಣ್ಣಿಗೆ ಭಾರವಾಗುತ್ತದೆಂದು ಬೇರೆ ಕೆಲವರು ಕಂಡಿದ್ದಾರೆ. ಆದರೆ ಈ ಶೋಧನೆಗಳಲ್ಲಿ ಬಹುಪಾಲು ಅರಬ್ಬೀ ಮನೆಮಾತಿನ ಮಕ್ಕಳನ್ನು ಕುರಿತವು. ಮನೆಯಲ್ಲಿ ಅರಬ್ಬಿಯ ಯಾವ ರೂಪವನ್ನೂ ಕೇಳದ ನಮ್ಮ ಮಕ್ಕಳಿಗೆ ಇವುಗಳನ್ನು ಹಾಗೆಯೇ ಅನ್ವಯಿಸಲು ಬರುವುದಿಲ್ಲ.

ನಮ್ಮ ಕನ್ನಡನಾಡಿನ ಮಗುವಿನ ಸ್ಥಿತಿಯನ್ನೇ ನೋಡೋಣ. ಮಂಗಳೂರಿನ ಕಡೆಯ ಬ್ಯಾರಿ ಮಗುವಿಗೆ ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ. ಕೇರಳದ ಸಂಪ್ರದಾಯದಿಂದ ಬಂದ ಮದರಸದಲ್ಲಿ ಅರಬ್ಬೀ ಅಕ್ಷರಗಳಲ್ಲಿ ಬರೆದ ಮಲೆಯಾಳದ ಸಂಪರ್ಕ. ಭಟ್ಕಳದ ಮಗುವಿಗೆ ಮನೆಯಲ್ಲಿ ಕೊಂಕಣಿಯ ಬಳಗದ ನವಾಯತಿ, ಮದರಸದಲ್ಲಿ ಉರ್ದು. ಮೈಸೂರು ಸೀಮೆಯಲ್ಲಿಯೂ ಕಲಬುರಗಿಯ ಕಡೆಯಲ್ಲಿಯೂ ಮನೆಮಾತು ದಖನಿಯಾದರೆ ಪಾಠದ ಭಾಷೆ ಗ್ರಾಂಥಿಕ ಉರ್ದು. ಈ ಮೆಟ್ಟಿಲುಗಳನ್ನೆಲ್ಲ ಹತ್ತಿದ ಮೇಲೆ ಅರಬ್ಬಿ. ಎಳೆಯ ಮಿದುಳಿಗೆ ಅನೇಕ ಭಾಷೆಗಳು ಭಾರವಲ್ಲ. ಒಂದರ ನೆರವಿನಿಂದ ಇನ್ನೊಂದನ್ನು ಕಲಿಸುವ ಯೋಜನೆ ಇಲ್ಲದಿರುವುದೇ ಭಾರ. ಈ ಮಕ್ಕಳಿಗೆ ಅರಬ್ಬಿಯಲ್ಲಿ ಯಾವ ಧ್ವನಿ ಕಠಿನ, ಯಾವ ವಾಕ್ಯರಚನೆ ತೊಡಕು, ಸ್ವರಚಿಹ್ನೆಗಳನ್ನು ಯಾವ ತರಗತಿಯಲ್ಲಿ ಕಡಮೆಮಾಡುತ್ತ ಬರಬೇಕು ಎಂಬುದನ್ನು ಕುರಿತು ಕ್ರಮವಾದ ಶೋಧನೆ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ನಡೆಯಬೇಕು. ಶಿಕ್ಷಣಶಾಸ್ತ್ರದವರು ಮದರಸವನ್ನು ಮತದ ವಿಷಯವೆಂದು ದೂರವಿಟ್ಟರೆ, ಮದರಸದವರು ಶಿಕ್ಷಣಶಾಸ್ತ್ರವನ್ನು ಸರ್ಕಾರದ ವಿಷಯವೆಂದು ದೂರವಿಟ್ಟರೆ, ನಷ್ಟವಾಗುವುದು ಹುಡುಗನ ಹತ್ತು ವರ್ಷ.

ಸರ್ಕಾರದ ಕ್ರಮಗಳೂ ಈ ಮರ್ಮವನ್ನು ಮುಟ್ಟಲಿಲ್ಲ. 1993-94ರಿಂದ ಹಲವು ಹೆಸರುಗಳಲ್ಲಿ ನಡೆದ ಕೇಂದ್ರದ ಯೋಜನೆಯು ಗಣಿತ, ವಿಜ್ಞಾನ ಮೊದಲಾದ ವಿಷಯಗಳನ್ನು ಕಲಿಸುವ ಉಪಾಧ್ಯಾಯರಿಗೆ ವೇತನ ಕೊಟ್ಟಿತು. 2022ರ ಮಾರ್ಚಿನ ಬಳಿಕ ಅದೂ ಮುಂದುವರಿಯಲಿಲ್ಲ. ಅಸ್ಸಾಮ್ ಸರ್ಕಾರವು 2020ರ ಕೊನೆಯಲ್ಲಿ ಕಾನೂನು ಮಾಡಿ ತನ್ನ ಅಧೀನದ ಮದರಸಗಳನ್ನು ಸಾಮಾನ್ಯ ಶಾಲೆಗಳಾಗಿ ಪರಿವರ್ತಿಸಿತು. ಒಂದು ಕಡೆ ವಿಷಯಗಳನ್ನು ಸೇರಿಸುವುದು, ಇನ್ನೊಂದು ಕಡೆ ಸಂಸ್ಥೆಯನ್ನೇ ತೆಗೆಯುವುದು. ಅರಬ್ಬೀ ಉಪಾಧ್ಯಾಯನಿಗೆ ಬೋಧನಕಲೆಯ ಶಿಕ್ಷಣ ಕೊಡುವ ಆಲೋಚನೆ ಈ ಎರಡರಲ್ಲಿಯೂ ಮುಂದೆ ಬರಲಿಲ್ಲ.

ಇದು ಮುಸಲ್ಮಾನರ ಮನೆಯ ಮಾತು, ನಮಗೇಕೆ ಎಂದು ಕೆಲವು ಓದುಗರು ಕೇಳಬಹುದು. ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸದ ಭಗ್ನಭವ್ಯತೆಯನ್ನು ನಾವು ನಮ್ಮ ನಾಡಿನ ವೈಭವವೆಂದೇ ಎಣಿಸುತ್ತೇವೆ. ಅಲ್ಲಿ ಅಂದು ಓದುತ್ತಿದ್ದ ವಿದ್ಯೆ ನಮಗೆ ಹೊರಗಿನದೆಂದು ಹೇಳುವುದು ಹೇಗೆ? ವಕೀಲ, ಅರ್ಜಿ, ತಾಲ್ಲೂಕು, ಜಿಲ್ಲೆ, ಫಸಲು, ಕಡೆಗೆ ನಮ್ಮ 'ರೈತ' ಎಂಬ ಮಾತೂ ಅರಬ್ಬೀ ಮೂಲದಿಂದ ನಡೆದುಬಂದದ್ದು. ಇಷ್ಟಾದರೂ ಅರಬ್ಬೀ ಸಾಹಿತ್ಯವನ್ನು ಮೂಲದಿಂದ ನೇರವಾಗಿ ಕನ್ನಡಕ್ಕೆ ತರಬಲ್ಲವರು ವಿರಳ; ನಾವು ಓದುವುದು ಹೆಚ್ಚಾಗಿ ಇಂಗ್ಲಿಷಿನ ನೆರಳನ್ನು. ಎರಡು ಭಾಷೆಗಳನ್ನೂ ಬಲ್ಲವರು ಹುಟ್ಟಿಬರಬೇಕಾದರೆ ಅವರು ಬರತಕ್ಕದ್ದು ಈ ಮದರಸಗಳಿಂದಲೇ. ಅರಬ್ಬಿಯನ್ನು ಭಾಷೆಯಾಗಿ ಕಲಿತು, ಕನ್ನಡವನ್ನೂ ಚೆನ್ನಾಗಿ ಕಲಿತ ಹತ್ತು ಮಂದಿ ತರುಣರು ನಮ್ಮ ಸಾಹಿತ್ಯಕ್ಕೆ ಮಾಡಬಹುದಾದ ಉಪಕಾರ ಸಣ್ಣದಲ್ಲ.

ಆಗಬೇಕಾದ ಕೆಲಸ ಅಸಾಧ್ಯವಾದುದಲ್ಲ. ಕನ್ನಡದ ಮೂಲಕ ಅರಬ್ಬಿಯನ್ನು ಕಲಿಸುವ ಕ್ರಮವಾದ ಪಾಠಮಾಲೆ ಬೇಕು. ಅದರಲ್ಲಿ ವ್ಯಾಕರಣ ಉದಾಹರಣೆಗಳ ಹಿಂದಿನಿಂದ ಬರಬೇಕು. ಈಜಿಪ್ಟಿನ ಅಲೀ ಜಾರಿಮ್, ಮುಸ್ತಫಾ ಅಮೀನ್ ಇಬ್ಬರೂ ತಮ್ಮ ಶಾಲಾವ್ಯಾಕರಣದಲ್ಲಿ ಅನುಸರಿಸಿದ ಈ ರೀತಿಯನ್ನು ನಮ್ಮ ಕೆಲವು ಮದರಸಗಳು ಈಗಾಗಲೇ ಒಪ್ಪಿಕೊಂಡಿವೆ. ಮಕ್ತಬಿನಲ್ಲಿ ಮಗು ಮೊದಲು ಬಾಯಿಪಾಠ ಮಾಡುವ ಚಿಕ್ಕ ಅಧ್ಯಾಯಗಳ ಪದಗಳನ್ನೇ ತೆಗೆದುಕೊಂಡು ಅರ್ಥವನ್ನು ಹೇಳಿಕೊಟ್ಟರೆ ಪಠನಕ್ಕೂ ಭಂಗವಿಲ್ಲ, ತಂದೆತಾಯಿಗಳ ಭಯಕ್ಕೂ ಕಾರಣವಿಲ್ಲ. ಉಪಾಧ್ಯಾಯರಿಗೆ ಬೇಸಗೆಯ ರಜೆಯಲ್ಲಿ ಶಿಬಿರಗಳನ್ನು ನಡೆಸಬಹುದು. ಪರೀಕ್ಷೆಯಲ್ಲಿ ನಿಯಮವನ್ನು ಒಪ್ಪಿಸುವುದಕ್ಕೆ ಕೊಡುವ ಅಂಕಗಳಲ್ಲಿ ಅರ್ಧವನ್ನು, ಹಿಂದೆ ಕಾಣದ ಒಂದು ಪುಟವನ್ನು ಓದಿ ಅರ್ಥ ಹೇಳುವುದಕ್ಕೆ ವರ್ಗಾಯಿಸಿದರೆ, ಪಾಠದ ಕ್ರಮ ತಾನಾಗಿಯೇ ಬದಲಾಗುತ್ತದೆ.

ನ್ಯಾಯಾಲಯವು ಮದರಸದ ಅಸ್ತಿತ್ವವನ್ನು ಒಪ್ಪಿ, ಅಲ್ಲಿನ ಶಿಕ್ಷಣದ ಮಟ್ಟವನ್ನು ಕಾಯುವ ಅಧಿಕಾರವನ್ನು ರಾಜ್ಯಕ್ಕೆ ಉಳಿಸಿದೆ. ಆ ಮಟ್ಟವನ್ನು ಗಣಿತದ ಅಂಕಗಳಿಂದ ಅಳೆಯುವುದು ಅವಶ್ಯಕವೇ ಸರಿ. ಅದರ ಜೊತೆಗೆ, ಹತ್ತು ವರ್ಷ ಓದಿದ ಹುಡುಗನ ಮುಂದೆ ಸ್ವರಚಿಹ್ನೆಯಿಲ್ಲದ ಒಂದು ಅರಬ್ಬೀ ಪುಟವನ್ನಿಟ್ಟು ಇದರಲ್ಲಿ ಏನು ಹೇಳಿದೆಯಪ್ಪಾ ಎಂದು ಕೇಳುವ ವಾಡಿಕೆಯೂ ಬರಲಿ. ಮದರಸದ ಹಿರಿಯರೇ ಮೊದಲು ಅದನ್ನು ಕೇಳಿದರೆ ಇನ್ನೂ ಒಳ್ಳೆಯದು.